ಮೊಣಕಾಲೂರಿ ನೋಡಬೇಕಾದ ಕೋಣೆ

ಮಕ್ಕಳ ಆಟದ ಕೋಣೆಗಳನ್ನು ಕಟ್ಟುವುದು, ಬೇರೆಯವರು ಕಟ್ಟಿದ್ದನ್ನು ಸರಿಮಾಡುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದರಲ್ಲಿರುವ ಪ್ರಶ್ನೆಯನ್ನೇ ಬೇರೆ ಬೇರೆ ಮಾತಲ್ಲಿ ತುಂಬಾ ಜನ ಕೇಳಿದ್ದಾರೆ.

ಪ್ರಶ್ನೆ: ನಮ್ಮಲ್ಲಿ 20 ಅಡಿಗೆ 30 ಅಡಿಯ ಖಾಲಿ ಹಾಲ್ ಇದೆ. ಒಂದರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಕೋಣೆ ಮಾಡುವ ಆಸೆ. ಹತ್ತುವ ಗೋಪುರ, ಜಾರುಬಂಡೆ, ಬಾಲ್ ಪಿಟ್, ಟ್ರ್ಯಾಂಪೊಲಿನ್ ಎಲ್ಲ ಸೇರಿದ ಸೆಟ್ ಒಂದನ್ನು ನೋಡಿ ಬಂದಿದ್ದೇವೆ. ತಗೊಳ್ಳಬಹುದಾ?

ಇನ್ನೂ ದುಡ್ಡು ಕೊಟ್ಟಿಲ್ಲ ತಾನೆ? ಹಾಗಾದರೆ ಒಂದು ವಾರ ತಡೆಯಿರಿ. ಅಳತೆ ಟೇಪು, ಸೀಮೆಸುಣ್ಣ ಹಿಡಿದು ಆ ಖಾಲಿ ಹಾಲಿಗೆ ಹೋಗಿ. ಗೋಪುರ ಕೂರುವ ಜಾಗವನ್ನು ನೆಲದ ಮೇಲೆ ಬರೆಯಿರಿ. 4 ಅಡಿ ಚೌಕ ಅಂದುಕೊಳ್ಳೋಣ. ಈಗ ಅದರ ಸುತ್ತ ನಾಲ್ಕೂ ಕಡೆ ಆರಾರು ಅಡಿ ಬಿಟ್ಟು ಇನ್ನೊಂದು ಚೌಕ ಬರೆಯಿರಿ. ಆಟದ ಮೈದಾನಗಳಲ್ಲಿ ಹತ್ತುವ ಸಾಮಾನಿನ ಸುತ್ತ ಇಷ್ಟು ಜಾಗ ಖಾಲಿ ಇರಬೇಕು ಅಂತ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುತ್ತದೆ. ಮಕ್ಕಳು ನೆಟ್ಟಗೆ ಕೆಳಗೆ ಬೀಳುವುದಿಲ್ಲ, ಚಿಮ್ಮಿ ಆಚೆ ಬೀಳುತ್ತಾರೆ. ನಿಮ್ಮ 4 ಅಡಿ ಗೋಪುರ ಈಗ 16 ಅಡಿ ಚೌಕವಾಯಿತು. ಹಾಲಿನ 600 ಚದರ ಅಡಿಯಲ್ಲಿ 256 ಹೋಯಿತು. ಜಾರುಬಂಡೆಯ ಲೆಕ್ಕ ಇನ್ನೂ ಹಾಕಿಲ್ಲ. ಸುತ್ತಲೂ ಬಲೆ ಬಿಗಿದು, ಮಗು ಹೊರಗೆ ಬೀಳಲು ಆಗದಂತೆ ಮಾಡಿದ ಗೋಪುರಕ್ಕೆ ಇಷ್ಟು ಜಾಗ ಬೇಕಾಗುವುದಿಲ್ಲ. ಆದರೆ ಆ ಬಲೆಯ ಗಂಟುಗಳನ್ನು ನೀವೇ ಕೈಯಾರೆ ಎಳೆದು ನೋಡಬೇಕು, ಅದೂ ಪ್ರತಿ ವಾರ.

ಆ ಸೆಟ್ ನಿಮ್ಮ ಹಾಲಿಗೆ ದೊಡ್ಡದಾಯಿತು. ಒಂದೇ ಒಂದು ಹತ್ತುವ ಸಾಮಾನು ಸಾಕು. ಚೆನ್ನಾಗಿರುವುದನ್ನೇ ಆರಿಸಿ.

ಮುಂದಿನದು ನೆಲ. ಬಣ್ಣಬಣ್ಣದ ಫೋಮ್ ತುಂಡುಗಳನ್ನು ಜೋಡಿಸಿ "ನೆಲ ಮೆತ್ತಗಿದೆ" ಅನ್ನುವವರು ತುಂಬಾ. ಅಂಬೆಗಾಲಿಡುವ ಮಗುವಿಗೆ ಅದು ಸಾಕು. ಐದು ಅಡಿ ಮೇಲಿಂದ ಬೀಳುವ ಮಗುವಿಗೆ ಏನೂ ಅಲ್ಲ. ಮ್ಯಾಟ್ ಮಾರುವವರನ್ನು ಒಂದೇ ಮಾತು ಕೇಳಿ: ಎಷ್ಟು ಎತ್ತರದಿಂದ ಬಿದ್ದರೆ ಇದು ತಲೆಯನ್ನು ಕಾಪಾಡುತ್ತದೆ? ಇದಕ್ಕೆ ಪರೀಕ್ಷೆ ಇದೆ. ಒಳಗೆ ಅಳೆಯುವ ಸಾಧನ ಕೂರಿಸಿದ, ತಲೆಯಾಕಾರದ ಲೋಹದ ಗುಂಡನ್ನು ಮ್ಯಾಟಿನ ಮೇಲೆ ಬೇರೆ ಬೇರೆ ಎತ್ತರದಿಂದ ಬೀಳಿಸಿ ನೋಡುತ್ತಾರೆ. ಅಮೆರಿಕದಲ್ಲಿ ಎಎಸ್‌ಟಿಎಂ ಎಫ್1292, ಯುರೋಪಿನಲ್ಲಿ ಇಎನ್ 1177 ಅಂತ ಆ ಪರೀಕ್ಷೆಯ ಹೆಸರು. ವರದಿ ಇದ್ದರೆ ಅದರಲ್ಲಿ ಎತ್ತರ ಬರೆದಿರುತ್ತದೆ. "ಒಳ್ಳೇ ಕ್ವಾಲಿಟಿ, ಏನೂ ಆಗಲ್ಲ" ಎಂಬ ಬಾಯಿಮಾತಷ್ಟೇ ಸಿಕ್ಕರೆ ಎದ್ದು ಬನ್ನಿ. ಗೋಪುರದಲ್ಲಿ ಮಗು ನಿಲ್ಲುವ ಎತ್ತರ ಮ್ಯಾಟಿನ ವರದಿಯಲ್ಲಿ ಬರೆದ ಎತ್ತರವನ್ನು ಮೀರಬಾರದು, ಅಷ್ಟೆ.

ಈಗ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲಸ ಶುರುಮಾಡಿದ ಎರಡನೇ ವರ್ಷ. ಒಂದು ಕಟ್ಟೆಗೆ ಮರದ ಕಂಬಿಗಳ ಕಟಕಟೆ ಹಾಕಿಸಿದ್ದೆ. ಕಂಬಿಯಿಂದ ಕಂಬಿಗೆ ಅರ್ಧ ಗೇಣು ಬಿಟ್ಟಿದ್ದೆ, ನೋಡಲು ಅಂದವಾಗಿತ್ತು. ಮೂರು ವರ್ಷದ ಹುಡುಗಿಯೊಬ್ಬಳು ಹೊಟ್ಟೆ ಮೇಲೆ ಮಲಗಿ, ಕಾಲು ಮುಂದೆ ಮಾಡಿ ಆ ಸಂದಿನಲ್ಲಿ ಜಾರಿದಳು. ಕಾಲು ಹೋಯಿತು, ಸೊಂಟ ಹೋಯಿತು, ಎದೆಯೂ ಹೋಯಿತು. ತಲೆ ಮಾತ್ರ ಹೋಗಲಿಲ್ಲ. ಕಾಲಿಗೆ ನೆಲ ಸಿಗುತ್ತಿಲ್ಲ, ಗದ್ದ ಕಂಬಿಗೆ ಸಿಕ್ಕಿಕೊಂಡಿದೆ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ, ಎತ್ತಿ ಹಿಡಿದೆ. ಅವಳಿಗೆ ಗದ್ದ ತರಚಿತು, ಅಷ್ಟೇ ಆಯಿತು. ಅವತ್ತು ಸಂಜೆಯೇ ಬಡಗಿಯನ್ನು ಕರೆಸಿ ಎಲ್ಲ ಕಂಬಿ ಕಿತ್ತು ಹಲಗೆ ಹೊಡೆಸಿದೆ.

ಚಿಕ್ಕ ಮಕ್ಕಳ ಮೈ ನುಸುಳುವ ಸಂದಿನಲ್ಲಿ ತಲೆ ಸಿಕ್ಕಿಕೊಳ್ಳಬಹುದು. ಅದಕ್ಕೇ 9 ಸೆಂ.ಮೀ.ಗಿಂತ ಜಾಸ್ತಿ, 23 ಸೆಂ.ಮೀ.ಗಿಂತ ಕಡಿಮೆ ಇರುವ ಸಂದು ಬೇಡವೇ ಬೇಡ. ಅದಕ್ಕಿಂತ ಚಿಕ್ಕದಾದರೆ ಮೈಯೇ ನುಸುಳುವುದಿಲ್ಲ, ದೊಡ್ಡದಾದರೆ ತಲೆಯೂ ಸಲೀಸಾಗಿ ಹೊರಗೆ ಬರುತ್ತದೆ. ರಟ್ಟಿನಲ್ಲಿ 9 ಸೆಂ.ಮೀ. ಅಗಲದ ಪಟ್ಟಿ ಒಂದು, 23 ಸೆಂ.ಮೀ. ಅಗಲದ ದುಂಡು ಬಿಲ್ಲೆ ಒಂದು ಕತ್ತರಿಸಿಟ್ಟುಕೊಳ್ಳಿ. ಮೆಟ್ಟಿಲ ಸಂದು, ಬಲೆಯ ಕಣ್ಣು, ಕಟಕಟೆ, ಗೋಡೆಗೂ ಸಾಮಾನಿಗೂ ನಡುವಿನ ಜಾಗ, ಎಲ್ಲ ಕಡೆ ಹಿಡಿದು ನೋಡಿ. ಪಟ್ಟಿ ಹೋಗಿ ಬಿಲ್ಲೆ ಹೋಗದ ಜಾಗ ಸಿಕ್ಕರೆ ಮುಚ್ಚಿಸಿ. ನನ್ನ ಚೀಲದಲ್ಲಿ ಈಗಲೂ ಆ ಎರಡು ರಟ್ಟು ಇವೆ.

ಒಂದು ವರ್ಷದ ಕೂಸನ್ನೂ ಎಂಟರ ಹುಡುಗನನ್ನೂ ಒಂದೇ ನೆಲಕ್ಕೆ ಬಿಡಬೇಡಿ. ದೊಡ್ಡವನದು ತಪ್ಪಲ್ಲ, ಓಡುವುದು ಅವನ ವಯಸ್ಸಿನ ಕೆಲಸ. ಹಾಲಿನ ಒಂದು ಮೂಲೆಗೆ ಮೆತ್ತನೆಯ ಗಿಡ್ಡ ಗೋಡೆ ಕಟ್ಟಿ ಪುಟಾಣಿಗಳಿಗೆ ಕೊಡಿ. ಅದು ಬಾಗಿಲ ಹತ್ತಿರ ಬೇಡ, ಜಾರುಬಂಡೆಯ ಬಾಯಿಗೆ ಎದುರಾಗಿಯೂ ಬೇಡ.

ಟ್ರ್ಯಾಂಪೊಲಿನ್ ಬಿಟ್ಟುಬಿಡಿ. ಅದರಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಒಂದಕ್ಕಿಂತ ಜಾಸ್ತಿ ಮಕ್ಕಳು ಒಟ್ಟಿಗೆ ಹಾರುವಾಗ ಆಗುತ್ತವೆ. ಪೆಟ್ಟಾಗುವುದು ಅವರಲ್ಲಿ ಚಿಕ್ಕವರಿಗೆ. ಒಬ್ಬೊಬ್ಬರೇ ಹಾರಬೇಕೆಂದು ದಿನವಿಡೀ ಕಾಯುವ ಜನ ನಿಮ್ಮಲ್ಲಿ ಇರುವುದಿಲ್ಲ.

ಇನ್ನು ಸಣ್ಣ ಸಣ್ಣವು. ಬಾಗಿಲಿನ ತಿರುಗಣಿ ಕಡೆಯ ಸಂದಿಗೆ ಪಟ್ಟಿ ಹೊಡೆಸಿ, ಬೆರಳು ಜಜ್ಜುವುದು ಅಲ್ಲೇ. ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಪರದೆಯ ದಾರ ಕೈಗೆಟಕಬಾರದು. ಸುರಂಗದ ಒಳಗೆ ದೊಡ್ಡವರೂ ತೆವಳಿ ಹೋಗುವಂತಿರಬೇಕು. ಒಳಗೆ ಹೆದರಿ ಕೂತ ಮಗುವನ್ನು ಮಾತಿನಲ್ಲಿ ಹೊರಗೆ ಕರೆಯುವುದು ಎಲ್ಲ ಸಲ ಆಗುವುದಿಲ್ಲ.

ಇಷ್ಟೆಲ್ಲ ಓದಿ ಹೆದರಿ ಎಲ್ಲವನ್ನೂ ನೆಲಮಟ್ಟಕ್ಕೆ ಇಳಿಸಬೇಡಿ, ದಯವಿಟ್ಟು. ಮಕ್ಕಳಿಗೆ ಎತ್ತರ ಬೇಕು, ವೇಗ ಬೇಕು, ಅಡಗಿಕೊಳ್ಳಲು ಜಾಗ ಬೇಕು. ಎತ್ತರ ಮಗುವಿನ ಕಣ್ಣಿಗೆ ಕಾಣುತ್ತದೆ. ಹತ್ತಲಾ ಬೇಡವಾ ಅಂತ ಅದು ಯೋಚಿಸುತ್ತದೆ, ಒಂದು ಮೆಟ್ಟಿಲು ಹತ್ತಿ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಕಟಕಟೆಯ ಸಂದಿನ ಅಪಾಯ ಅದರ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ನಾವು ತೆಗೆಯೋಣ, ಕಾಣುವುದನ್ನು ಅವರಿಗೆ ಬಿಡೋಣ.

ಉಳಿದ ಜಾಗಕ್ಕೆ ದೊಡ್ಡ ರಟ್ಟಿನ ಪೆಟ್ಟಿಗೆ, ಹಳೆ ಬೆಡ್‌ಶೀಟು, ಹಗುರ ಫೋಮ್ ಇಟ್ಟಿಗೆ ಹಾಕಿ. ಬ್ರಿಟನ್ನಿನ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲೇ ಇದನ್ನು ಹೇಳಿದ್ದರು: ಜಾಗದಲ್ಲಿ ಎತ್ತಿಡಬಹುದಾದ, ಬದಲಾಯಿಸಬಹುದಾದ ಬಿಡಿ ವಸ್ತು ಜಾಸ್ತಿ ಇದ್ದಷ್ಟೂ ಮಕ್ಕಳು ಹೊಸದನ್ನು ಹುಡುಕುತ್ತಾರೆ. ಒಮ್ಮೆ ಒಂದು ಕೋಣೆಯಲ್ಲಿ ಹೊಸ ಗೋಪುರ ಬಂದ ಡಬ್ಬವನ್ನು ಎಸೆಯದೆ ಅಲ್ಲೇ ಬಿಟ್ಟಿದ್ದೆ. ಆ ವಾರ ಅದು ಬಸ್ಸಾಯಿತು, ಆಸ್ಪತ್ರೆಯಾಯಿತು, ಶನಿವಾರ ಹರಿದು ಹಾಸಿಗೆಯಾಯಿತು.

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ. ಜಾರುಬಂಡೆ ಅಂದರೆ ಭಯ. ತೊಡೆ ಮೇಲೆ ಕೂರಿಸಿಕೊಂಡು ಜಾರಿದರೆ ನಗುತ್ತಾಳೆ. ಹೀಗೆ ಅಭ್ಯಾಸ ಮಾಡಿಸಬಹುದಲ್ವಾ?

ಬೇಡ ಅಮ್ಮಾ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ಆದರೆ ಹೀಗೆ ಜಾರುವಾಗಲೇ ಪುಟ್ಟ ಮಕ್ಕಳ ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. ಮಗುವಿನ ಕಾಲು ಜಾರುಬಂಡೆಯ ಅಂಚಿಗೆ ತಗುಲಿ ನಿಲ್ಲುತ್ತದೆ. ಒಬ್ಬಳೇ ಇದ್ದರೆ ಅವಳ ಹಗುರ ಮೈ ಅಲ್ಲೇ ನಿಂತುಬಿಡುತ್ತದೆ. ನಿಮ್ಮ ತೊಡೆ ಮೇಲಿದ್ದರೆ ನಿಮ್ಮ ಭಾರ ಅವಳನ್ನು ಕೆಳಕ್ಕೆ ತಳ್ಳುತ್ತದೆ, ಕಾಲು ಮಾತ್ರ ಮೇಲೇ ಉಳಿದು ತಿರುಚಿಕೊಳ್ಳುತ್ತದೆ. ಎರಡು ಅಡಿಯ ಗಿಡ್ಡ ಜಾರುಬಂಡೆ ಹುಡುಕಿ. ನೀವು ಪಕ್ಕದಲ್ಲಿ ಮೊಣಕಾಲೂರಿ ಕೂತು ಸೊಂಟ ಹಿಡಿದುಕೊಳ್ಳಿ. ಕುತ್ತಿಗೆಯಲ್ಲಿ ಸರ, ದಾರ, ಜಾಕೆಟ್ಟಿನ ಲಾಡಿ ಇದ್ದರೆ ಮೊದಲು ತೆಗೆಯಿರಿ. ಅವು ಜಾರುಬಂಡೆಯ ಮೇಲ್ತುದಿಗೆ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ.

ಪ್ರಶ್ನೆ: ನಮ್ಮ ಆಟದ ಕೋಣೆಯ ಬಾಲ್ ಪಿಟ್‌ನಲ್ಲಿ ಸಾವಿರಾರು ಬಾಲ್‌ಗಳಿವೆ. ಅವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ನೀವು ಈಗ ತೊಳೆಯುತ್ತಿರುವುದಕ್ಕಿಂತ ಬೇಗ ಬೇಗ ಅಂತಲೇ ಇರಲಿ. 2019ರಲ್ಲಿ ಅಮೆರಿಕದ ಫಿಸಿಯೋಥೆರಪಿ ಕೇಂದ್ರಗಳ ಬಾಲ್ ಪಿಟ್‌ಗಳನ್ನು ಪರೀಕ್ಷಿಸಿದಾಗ ಕೆಲವು ಕಡೆ ಒಂದೊಂದು ಬಾಲ್ ಮೇಲೂ ಸಾವಿರಾರು ಬ್ಯಾಕ್ಟೀರಿಯಾ ಸಿಕ್ಕಿದ್ದವು. ನಾನು ಹೇಳುವುದು ವಾರಕ್ಕೊಮ್ಮೆ. ಅಷ್ಟು ಬಾಲ್ ತೊಳೆಯಲು ಆಗುವುದಿಲ್ಲ ಅಂದರೆ ಬಾಲ್ ಕಡಿಮೆ ಮಾಡಿ. ಮಕ್ಕಳ ಮಂಡಿಯಷ್ಟು ಆಳ ಧಾರಾಳ ಸಾಕು. ಸೋಪಿನ ನೀರಲ್ಲಿ ತೊಳೆದು, ಸೋಂಕುನಿವಾರಕದಲ್ಲಿ ಅದ್ದಿ, ಮತ್ತೆ ಬರೀ ನೀರಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ. ಒದ್ದೆ ಬಾಲ್ ವಾಪಸ್ ಸುರಿದರೆ ತೊಳೆದದ್ದು ದಂಡ. ಸೀಳಿದವನ್ನು ಎಸೆಯಿರಿ, ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ತಳವನ್ನೂ ಗುಡಿಸಿ. ಹೇರ್‌ಪಿನ್, ನಾಣ್ಯ, ಆಟಿಕೆಯ ಬಟನ್ ಬ್ಯಾಟರಿ ನನಗೆ ಅಲ್ಲಿ ಸಿಕ್ಕಿವೆ. ಬಟನ್ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಹಾಗೇನಾದರೂ ಆದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ. ಇನ್ನೊಂದು ಮಾತು: ಜಾರುಬಂಡೆ ಬಾಲ್ ಪಿಟ್ ಒಳಗೆ ಇಳಿಯುವಂತಿದ್ದರೆ ದಿಕ್ಕು ಬದಲಾಯಿಸಿ. ಬಾಲ್ ಅಡಿ ಅಡಗಿರುವ ಮಗು ಮೇಲಿಂದ ಬರುವವರಿಗೆ ಕಾಣುವುದಿಲ್ಲ.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗ ಆಟದ ಕೋಣೆಗೆ ಹೋದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಾನೆ. ಬೇರೆ ಮಕ್ಕಳನ್ನು ನೋಡುತ್ತಾ ಇರುತ್ತಾನೆ. ಇವನನ್ನು ಕರೆದುಕೊಂಡು ಹೋಗುವುದೇ ದಂಡ ಅನಿಸಿದೆ.

ನೋಡುವುದೂ ಆಟವೇ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲಿ ಮಕ್ಕಳ ಆಟದ ಬಗೆಗಳನ್ನು ಪಟ್ಟಿ ಮಾಡಿದಾಗ, ಪಕ್ಕದಲ್ಲಿ ನಿಂತು ನೋಡುವುದನ್ನೂ ಅದರಲ್ಲಿ ಸೇರಿಸಿದ್ದರು. ಹಾಗಾಗಿ ಅವನನ್ನು ತಳ್ಳಬೇಡಿ. ಆದರೆ ಕಿವಿ ಮುಚ್ಚಿಕೊಳ್ಳುವುದು ಬೇರೆ ವಿಷಯ, ಅದು ಕೋಣೆಯ ತಪ್ಪಿರಬಹುದು. ಬರಿಗೋಡೆ, ಬರಿ ಚಾವಣಿ ಇದ್ದರೆ ಇಪ್ಪತ್ತು ಮಕ್ಕಳ ಕೂಗು ನಲವತ್ತಾಗುತ್ತದೆ. ಅಲ್ಲಿನವರಿಗೆ ದಪ್ಪ ಪರದೆ ಹಾಕಲು, ಚಾವಣಿಗೆ ಶಬ್ದ ಹೀರುವ ಹಲಗೆ ಕಟ್ಟಲು, ಹಾಡು ನಿಲ್ಲಿಸಲು ಹೇಳಿ. ನೀವು ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಮುಂದೆಯೂ ಅವನಿಗೆ ಎಲ್ಲಾ ಕಡೆ ಶಬ್ದ ಇಷ್ಟು ಕಷ್ಟವಾದರೆ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ನಾನು ಕಟ್ಟುವ ಪ್ರತಿ ಕೋಣೆಯಲ್ಲೂ ಬಾಗಿಲ ಒಳಗೇ ಒಂದು ಗಿಡ್ಡ ಕಟ್ಟೆ ಇಡುತ್ತೇನೆ. ಮೂರು ಕಡೆ ಮೆತ್ತನೆ ಗೋಡೆ, ಎದುರಿಗೆ ಒಂದು ದುಂಡು ಕಿಂಡಿ. ಒಬ್ಬ ಹುಡುಗ ಮೂರು ವಾರ ಅಲ್ಲಿಂದ ಏಳಲೇ ಇಲ್ಲ. ಅವನ ಅಜ್ಜಿ ಪಕ್ಕದಲ್ಲಿ ಕೂತು ಏನೂ ಹೇಳದೆ ಹೂ ಕಟ್ಟುತ್ತಿದ್ದರು. ನಾಲ್ಕನೇ ವಾರ ಯಾರೋ ಎಸೆದ ಫೋಮ್ ಇಟ್ಟಿಗೆ ಕಿಂಡಿಯಿಂದ ಒಳಗೆ ಬಿತ್ತು. ಅವನು ಅದನ್ನು ವಾಪಸ್ ಹೊರಗೆ ಹಾಕಿದ. ಅದು ಮತ್ತೆ ಒಳಗೆ ಬಂತು.