ಕನ್ನಡ ಮಾಧ್ಯಮದವರಿಗೆ ಎಂ.ಎ. ಸಮಾಜಶಾಸ್ತ್ರದ ಥಿಯರಿ ತಲೆಗೆ ಹತ್ತುತ್ತಾ?

ಹತ್ತುತ್ತೆ. ಡಿಗ್ರಿವರೆಗೂ ಕನ್ನಡದಲ್ಲೇ ಓದಿದ್ದೀರಿ, ಬೆಂಗಳೂರಿಗೆ ಬಂದು ಎಂ.ಎ. ಸೇರಿದರೆ ಥಿಯರಿ ಪೇಪರ್‌ನಲ್ಲಿ ಮುಗ್ಗರಿಸ್ತೀನೇನೋ ಅನ್ನೋದು ನಿಮ್ಮ ಭಯ. ನಾನು ಶಿರಾ ಕಡೆಯವನು. ಅದೇ ಭಯ ಹೊತ್ತುಕೊಂಡು ಬಂದೆ, ಮುಗ್ಗರಿಸಿದೆ ಕೂಡ.

ಮೊದಲ ಸೆಮಿನಾರ್‌ಗೆ ನನ್ನ ಪಾಲಿಗೆ ಬಂದದ್ದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ. ಗೈಡ್‌ನಿಂದ ನಾಲ್ಕು ಪುಟ ಇಂಗ್ಲಿಷ್ ಇಳಿಸಿಕೊಂಡು ಹೋಗಿ ಓದಿದೆ. ಅರ್ಧಕ್ಕೇ ಮೇಷ್ಟ್ರು, "ಹಾಳೆ ಮಡಚಿಡಿ. ಕಲ್ಚರಲ್ ಕ್ಯಾಪಿಟಲ್ ಅಂದ್ರೇನು, ನಿಮ್ಮ ಮಾತಲ್ಲಿ ಹೇಳಿ" ಅಂದರು. ಬಾಯಿ ಒಣಗಿತು. ಜಯನಗರದ ಹುಡುಗಿಯೊಬ್ಬಳು ಕೂತಲ್ಲೇ ಸರಾಗವಾಗಿ ವಿವರಿಸಿದಳು. ಅವಳ ಮನೇಲಿ ಊಟದ ಹೊತ್ತಲ್ಲೂ ಪುಸ್ತಕ, ಪೇಪರು ಅಂತ ಇಂಗ್ಲಿಷಲ್ಲೇ ವಾದ ನಡೆಯುತ್ತಂತೆ. ನಮ್ಮ ಮನೇಲಿ ಆ ಹೊತ್ತಿನ ಮಾತು ಬೋರ್‌ವೆಲ್ಲಿಂದು. ಮೇಷ್ಟ್ರು ಅವಳನ್ನ "ಪ್ರತಿಭಾವಂತೆ" ಅಂದರು.

ತಮಾಷೆ ಏನಂದ್ರೆ ಬೋರ್ದ್ಯೂ ಹೇಳಿದ್ದೂ ಅದನ್ನೇ. ಮನೆಯಿಂದ ಪುಕ್ಕಟೆ ಬಂದ ಭಾಷೆ, ಅಭಿರುಚಿ, ಮಾತಿನ ಧಾಟಿ ಶಾಲೆಯ ಹೊಸ್ತಿಲು ದಾಟುತ್ತಿದ್ದಂತೆ ಸ್ವಂತ ಪ್ರತಿಭೆಯ ವೇಷ ಹಾಕುತ್ತೆ. ಮನೆಯಿಂದ ಬಂದ ಈ ಬಂಡವಾಳವೇ ಕಲ್ಚರಲ್ ಕ್ಯಾಪಿಟಲ್. ಆತ 1930ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದವನು, ಅಪ್ಪ ಅಂಚೆ ನೌಕರ. ಇದು ತಿಳಿದ ರಾತ್ರಿ ಹಾಸ್ಟೆಲಲ್ಲಿ ಅದೇ ನಾಲ್ಕು ಪುಟ ಮತ್ತೆ ತೆಗೆದೆ. ನಮ್ಮ ಕ್ಲಾಸಿನ ಕಥೆಯನ್ನೇ ಯಾರೋ ಬರೆದಿಟ್ಟ ಹಾಗಿತ್ತು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅಂತೂ ನಮ್ಮವರೇ, ಮೈಸೂರಿನವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು, ಅದಕ್ಕೆ ರಾಂಪುರ ಅಂತ ಹೆಸರಿಟ್ಟು ಬರೆದರು. ಜನಬಲ, ಜಮೀನು, ಅಧಿಕಾರ ಯಾರ ಕೈಲಿದೆಯೋ ಅವರದ್ದು ಪ್ರಬಲ ಜಾತಿ ಅಂದರು. ಒಂದು ಪಂಚಾಯ್ತಿ ಎಲೆಕ್ಷನ್ ಹತ್ತಿರದಿಂದ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಇಲ್ಲಿ ನೀವೇ ಒಂದು ಹೆಜ್ಜೆ ಮುಂದೆ.

ಸೇರುವ ಮುಂಚೆ, ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ ಅಂತ ವಿಭಾಗದಲ್ಲೇ ಕೇಳಿಕೊಳ್ಳಿ. ಗೈಡ್ ನಂಬಬೇಡಿ. ನಾನು ಓದಿದ ಗೈಡಲ್ಲಿ ಡಾಮಿನೇಷನ್, ಹೆಜೆಮನಿ ಎರಡಕ್ಕೂ 'ಪ್ರಾಬಲ್ಯ' ಅಂತಲೇ ಇತ್ತು. ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಷಿ ಹೆಜೆಮನಿ ಅಂದದ್ದು ಬಡಿದು ಆಳೋದಕ್ಕಲ್ಲ, ಆಳಿಸಿಕೊಳ್ಳುವವರೇ ಒಪ್ಪಿ ತಲೆಯಾಡಿಸೋದಕ್ಕೆ. ನನಗೆ ಇದು ಅರ್ಥವಾದದ್ದು ಊರಿಗೆ ಹೋದಾಗ. ಸೆಮಿನಾರಿನ ಕಥೆ ಕೇಳಿ ಅಮ್ಮ, ಮೇಷ್ಟ್ರ ಮೇಲೆ ಸಿಟ್ಟಾಗಲಿಲ್ಲ. ರೊಟ್ಟಿ ತಟ್ಟುತ್ತಲೇ, "ನಿನ್ನ ಕಾನ್ವೆಂಟಿಗೆ ಹಾಕಬೇಕಿತ್ತು ಕಣೋ, ನಮ್ಮದೇ ತಪ್ಪು" ಅಂದಳು.