ಯೋಜನೆಗಳಿದ್ದರೂ ಕೆಲಸ ತಡವಾಗುವುದೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಪ್ರತಿ ವಿಭಾಗವೂ ತನ್ನ ಕಾರ್ಯಯೋಜನೆಯನ್ನು ಮೊದಲೇ ಸಿದ್ಧಪಡಿಸುತ್ತದೆ, ವಾರಕ್ಕೊಮ್ಮೆ ಸಮನ್ವಯ ಸಭೆಯೂ ನಡೆಯುತ್ತದೆ. ಆದರೂ ಹಲವು ವಿಭಾಗಗಳು ಕೂಡಿ ಮಾಡಬೇಕಾದ ಕೆಲಸಗಳು ಗಡುವಿನೊಳಗೆ ಮುಗಿಯುವುದಿಲ್ಲ. ದೋಷ ಎಲ್ಲಿದೆ?

ಉತ್ತರ: ಪ್ರತಿ ವಿಭಾಗವೂ ತನ್ನ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿದೆ, ಆದರೆ ಆ ದಿನಗಳಲ್ಲಿ ಬೇಕಾದ ಜನರೂ ಯಂತ್ರಗಳೂ ಬಿಡುವಾಗಿರುತ್ತವೆಯೇ ಎಂಬುದನ್ನು ಯಾರೂ ಒಟ್ಟಾಗಿ ನೋಡಿದಂತಿಲ್ಲ. ಆಡಳಿತಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬರಾದ ಫ್ರೆಂಚ್ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಆಡಳಿತದ ಐದು ಕಾರ್ಯಗಳನ್ನು ಹೆಸರಿಸುವಾಗ ಯೋಜನೆಯನ್ನೂ ಸಮನ್ವಯವನ್ನೂ ಪ್ರತ್ಯೇಕವಾಗಿಯೇ ಇಟ್ಟಿದ್ದರು; ಯೋಜನೆಯಿದ್ದ ಮಾತ್ರಕ್ಕೆ ಸಮನ್ವಯ ತಾನಾಗಿ ಬರುವುದಿಲ್ಲ.

ಒಂದು ಕೈಪಿಡಿ ತರಬೇಕೆಂದುಕೊಳ್ಳೋಣ. ಬರವಣಿಗೆಗೆ 10 ದಿನ, ಚಿತ್ರಗಳಿಗೆ 6, ಎರಡೂ ಮುಗಿದ ಮೇಲೆ ಪರಿಶೀಲನೆಗೆ 4, ಮುದ್ರಣಕ್ಕೆ 5. ಬರವಣಿಗೆ ಮತ್ತು ಚಿತ್ರಗಳ ಕೆಲಸ ಜೊತೆಜೊತೆಗೆ ನಡೆದರೆ ಒಟ್ಟು 19 ದಿನ ಸಾಕು. ಚಿತ್ರಗಳು 4 ದಿನ ತಡವಾದರೂ ಬಾಧೆಯಿಲ್ಲ, ಬರವಣಿಗೆ ಒಂದು ದಿನ ತಡವಾದರೂ ಇಡೀ ಕೆಲಸ ಹಿಂದೆ ಬೀಳುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳ ತಜ್ಞರು ರೂಪಿಸಿದ ಕ್ರಿಟಿಕಲ್ ಪಾತ್ ವಿಧಾನ ಗುರುತಿಸುವುದು ಬರವಣಿಗೆ, ಪರಿಶೀಲನೆ, ಮುದ್ರಣದಂಥ ಅತಿ ಉದ್ದದ ಸರಣಿಯನ್ನೇ. ಆದರೆ ಬರೆಯುವವರೂ ಚಿತ್ರ ಬಿಡಿಸುವವರೂ ಒಬ್ಬರೇ ಆಗಿದ್ದರೆ 19 ದಿನ 25 ಆಗುತ್ತದೆ. ಯಾರೂ ಕೆಲಸಗಳ್ಳತನ ಮಾಡಿಲ್ಲ, ಯಾವ ವಿಭಾಗದ ಅಂದಾಜೂ ತಪ್ಪಿಲ್ಲ. ಆದರೂ 6 ದಿನ ತಡ. ಇಂಥ ಕಡೆ ಸಿಬ್ಬಂದಿಯನ್ನು ದೂಷಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ, ಹೆಚ್ಚು ವಿಭಾಗಗಳು ಅವಲಂಬಿಸಿರುವ ವ್ಯಕ್ತಿ ಅಥವಾ ಯಂತ್ರ ಯಾವುದೆಂದು ಮೊದಲು ಕಂಡುಕೊಂಡು, ಅದಕ್ಕೆ ಒಂದೇ ವೇಳಾಪಟ್ಟಿ ಇಟ್ಟು, ಎಲ್ಲರ ಬೇಡಿಕೆಯನ್ನೂ ಅದರಲ್ಲೇ ನಮೂದಿಸಿ. ಆದ್ಯತೆ ತೀರ್ಮಾನಿಸುವ ಅಧಿಕಾರ ಒಬ್ಬರಲ್ಲೇ ಇರಲಿ. ಆ ವೇಳಾಪಟ್ಟಿಯನ್ನು ಪೂರ್ತಿ ತುಂಬಿಸುವ ಆಸೆಯನ್ನು ಮಾತ್ರ ದಯವಿಟ್ಟು ಬಿಡಿ. ಕೆಲಸಗಳು ಬರುವ ಹೊತ್ತೂ ಅವುಗಳಿಗೆ ಹಿಡಿಯುವ ಅವಧಿಯೂ ಏರುಪೇರಾಗುವಲ್ಲಿ, ಸರತಿಯಲ್ಲಿ ಎಷ್ಟು ಕಾಯಬೇಕಾಗುತ್ತದೆಂದು ಲೆಕ್ಕ ಹಾಕುವ ಸರತಿ ಸಿದ್ಧಾಂತದ ಅತಿ ಸರಳ ಮಾದರಿಯ ಪ್ರಕಾರ, ಶೇಕಡಾ 80ರಷ್ಟು ಸಮಯ ತುಂಬಿದ್ದರೆ ಸರಾಸರಿ ಕಾಯುವಿಕೆ ಒಂದು ಕೆಲಸದ ಸರಾಸರಿ ಅವಧಿಯ 4 ಪಟ್ಟು. ಶೇಕಡಾ 90 ತುಂಬಿದರೆ 9 ಪಟ್ಟು. ಸದಾ ಬಿಡುವಿಲ್ಲದ ತಜ್ಞರೊಬ್ಬರು ಸಂಸ್ಥೆಗೆ ಲಾಭದಂತೆ ಕಂಡರೂ, ಅವರ ಮೇಜಿನ ಮುಂದೆ ಕಾಯುತ್ತಿರುವ ಕಡತಗಳ ವೆಚ್ಚ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ವಾರದ ಸಭೆಯಲ್ಲಿ ಪ್ರತಿ ವಿಭಾಗದ ಪ್ರಗತಿ ವರದಿ ಓದಿಸುವ ಬದಲು, ಈ ವೇಳಾಪಟ್ಟಿಯಲ್ಲಿ ಏನು ಬದಲಾಯಿತು, ಅದರಿಂದ ಯಾರ ಕೆಲಸ ನಿಂತಿದೆ ಎಂಬುದನ್ನಷ್ಟೇ ಚರ್ಚಿಸಿ. ನಡುವೆ ತುರ್ತು ಕೆಲಸ ಸೇರಿಸಿದಾಗ, ಮುಂದೂಡಲಾದ ಕೆಲಸ ಯಾವುದೆಂದು ಆಯಾ ವಿಭಾಗಕ್ಕೆ ಅದೇ ದಿನ ಬರಹದಲ್ಲಿ ತಿಳಿಸಿ.