ಪಕ್ಕದ ಮನೆ ಮಾಳಿಗೆ ಮೇಲೆ ಟವರ್ ಬಂದರೆ?

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೆಯ ಮನೆ. ಪಕ್ಕದವರು ತಮ್ಮ ಮಾಳಿಗೆ ಮೇಲೆ ಮೊಬೈಲ್ ಟವರ್ ಹಾಕಿಸುತ್ತಿದ್ದಾರೆ. ಪಾಲಿಕೆ ಅನುಮತಿ ಬೇಕಲ್ವಾ? ಮಕ್ಕಳಿಗೆ ರೇಡಿಯೇಷನ್ ತೊಂದರೆ ಆಗುತ್ತದಾ?

ಉತ್ತರ: ಮೊದಲು ಮಕ್ಕಳ ವಿಷಯ. ಆಂಟೆನಾದ ಅಲೆಗಳು ಟಾರ್ಚ್ ಬೆಳಕಿನ ಹಾಗೆ ಮುಂದಕ್ಕೆ ಹೋಗುತ್ತವೆ, ನೇರ ಕೆಳಗೆ ಬೀಳುವುದು ಬಹಳ ಕಡಿಮೆ. ಹಾಗಾಗಿ ಟವರ್ ಬುಡದ ಮನೆಗಿಂತ, ಆಂಟೆನಾ ಎತ್ತರಕ್ಕೇ ಸಮನಾಗಿ ಎದುರಿಗೆ ಕಿಟಕಿ ಇದೆಯಾ ಅಂತ ನೋಡಿ. ನಮ್ಮ ದೇಶದ ಮಿತಿ ಅಂತರರಾಷ್ಟ್ರೀಯ ಮಿತಿಯ 10ರಲ್ಲಿ 1 ಭಾಗ ಮಾತ್ರ, 2012ರ ಸೆಪ್ಟೆಂಬರ್‌ನಿಂದ ಇದೇ ಲೆಕ್ಕ. ಕೇಂದ್ರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಓಣಿಯ ಟವರ್ ಈ ಮಿತಿಯೊಳಗಿದೆಯಾ ಅಂತ ನೋಡಬಹುದು. ಶುಲ್ಕ ಕಟ್ಟಿ ಅಳತೆಯನ್ನೂ ಮಾಡಿಸಬಹುದು.

ನನಗೆ ಜಾಸ್ತಿ ಚಿಂತೆ ಆಗಿರುವುದು ಮನೆಯದು. ನಮ್ಮ ಕಡೆಯ ಹಳೆ ಮನೆಗಳಲ್ಲಿ ಮರದ ತೊಲೆ, ಮೇಲೆ ಶಹಾಬಾದ್ ಕಲ್ಲು, ಅದರ ಮೇಲೆ ಮಣ್ಣು. ಅಂಥ ಮಾಳಿಗೆ ಮೇಲೆ ಕಬ್ಬಿಣದ ಕಂಬ, ಬ್ಯಾಟರಿ, ಗಾಳಿಯ ಎಳೆತ ಎಲ್ಲಾ ಸೇರಿದರೆ ಏನಾಗುತ್ತದೆ ಹೇಳಿ! ಖಾಸಗಿ ಕಟ್ಟಡಕ್ಕೆ ಪಾಲಿಕೆಯ ಅನುಮತಿ ಬೇಕಿಲ್ಲ ಅಂತ 2022ರಲ್ಲಿ ಕೇಂದ್ರದ ನಿಯಮ ತಿದ್ದಲಾಯಿತು, ಆದರೆ ಕೆಲಸಕ್ಕೆ ಮುಂಚೆ ಲಿಖಿತವಾಗಿ ತಿಳಿಸಿ, ಕಟ್ಟಡ ಭಾರ ತಡೆಯುತ್ತದೆ ಅನ್ನುವ ಎಂಜಿನಿಯರ್ ಪ್ರಮಾಣಪತ್ರ ಕೊಡಲೇಬೇಕು ಅಂತಲೂ ಅದೇ ತಿದ್ದುಪಡಿ ಹೇಳಿತು. ಸುಮ್ನೆ ಜಗಳಕ್ಕೆ ಹೋಗಬೇಡಿ. ಆ ಪತ್ರದ ನಕಲು ಬೇಕೆಂದು ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಜೊತೆಗೆ ನಿಮ್ಮ ಗೋಡೆಯಲ್ಲಿ ಈಗಿರುವ ಬಿರುಕುಗಳ ಫೋಟೋ ಇವತ್ತೇ ತೆಗೆದಿಡಿ.